20 ಮಿಲಿಸೆಕೆಂಡಿನ ಎಂಜಿನ್

(ನಾಸಿಕ್ ರೋಡ್‌ನಿಂದ ರೆಕಾರ್ಡ್ ಮಾಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

 

ಇವತ್ತಿನ ವಿಷಯವನ್ನು ಮೊದಲೇ ಹೇಳಿಬಿಡ್ತೀನಿ. ಎದುರಿಗೆ ಎಂಜಿನ್ ಇಲ್ಲದೇ ಜೆಟ್ ಎಂಜಿನ್ ಓಡಿಸೋದು ಹೇಗೆ? ಹಾಗೆ ಓಡಿಸಿದ ಎಂಜಿನ್ನನ್ನು ಎಷ್ಟರ ಮಟ್ಟಿಗೆ ನಂಬಬಹುದು? ನಾನು ಎಂ.ಟೆಕ್ ಮಾಡಿದ ಸಾಫ್ಟ್‌ವೇರ್ ಎಂಜಿನಿಯರ್. ಕೆಲವು ವರ್ಷಗಳಿಂದ ಇದೇ ನನ್ನ ಕೆಲಸ. ಗಣಿತ ಸ್ವಲ್ಪ ಬರುತ್ತೆ, ಆದರೆ ಗುಣಾಕಾರ ಗೊತ್ತಿದ್ರೆ ಸಾಕು.

ನಾಸಿಕ್ ರೋಡ್ ಅಂದ್ರೆ ಬಹಳ ಜನಕ್ಕೆ ಒಂದು ರೈಲ್ವೆ ಸ್ಟೇಷನ್, ನೋಟು ಅಚ್ಚು ಹಾಕೋ ಪ್ರೆಸ್, ಅಷ್ಟೇ. ಇಲ್ಲಿಂದ ಸ್ವಲ್ಪ ದೂರದಲ್ಲಿ ಏಕಲಹರೆಯ ಥರ್ಮಲ್ ಪವರ್ ಸ್ಟೇಷನ್ ಇದೆ. ಅಲ್ಲಿ ತಿರುಗೋದು ಸ್ಟೀಮ್ ಟರ್ಬೈನ್: ಕಲ್ಲಿದ್ದಲು ಸುಟ್ಟು, ನೀರು ಕಾಯಿಸಿ, ಆ ಹಬೆಯಿಂದ ತಿರುಗಿಸೋದು. ನಾಸಿಕ್ ಊರಿನ ಆ ಕಡೆ ಓಝರ್ ಇದೆ. 1964ರಲ್ಲಿ ಮಿಗ್-21 ತಯಾರಿಕೆಗೆ ಅಂತ ಶುರುವಾದ ಎಚ್‌ಎಎಲ್ ಕಾರ್ಖಾನೆ ಅಲ್ಲಿದೆ. ಆಮೇಲೆ ಸುಖೋಯ್-30 ಅಲ್ಲಿಂದಲೇ ಹೊರಬಂತು. 2025ರ ಅಕ್ಟೋಬರ್ 17ರಂದು ನಾಸಿಕ್‌ನಲ್ಲಿ ಕಟ್ಟಿದ ಮೊದಲ ತೇಜಸ್ ಮಾರ್ಕ್-1ಎ ಅಲ್ಲಿಂದಲೇ ಹಾರಿತು. ಆ ವಿಮಾನಗಳ ಹೊಟ್ಟೆಯಲ್ಲಿರೋದು ಗ್ಯಾಸ್ ಟರ್ಬೈನ್. ಅಲ್ಲಿ ಹಬೆ ಇಲ್ಲ, ಬಾಯ್ಲರ್ ಇಲ್ಲ. ಗಾಳಿಯೇ ಎಲ್ಲ ಕೆಲಸ ಮಾಡುತ್ತೆ.

ಹೇಗೆ ಅಂತ ಎರಡು ನಿಮಿಷದಲ್ಲಿ ನೋಡೋಣ. ಮುಂದಿನಿಂದ ಗಾಳಿ ಒಳಗೆ ಬರುತ್ತೆ. ಕಂಪ್ರೆಸರ್ ಅದನ್ನು ಒತ್ತುತ್ತೆ. ಮಧ್ಯದ ಕೋಣೆಯಲ್ಲಿ ಇಂಧನ ಉರಿಯುತ್ತೆ. ಬಿಸಿಯಾದ ಗಾಳಿ ಟರ್ಬೈನ್ ತಿರುಗಿಸಿಕೊಂಡು ಹಿಂದಿನಿಂದ ಜೋರಾಗಿ ಹೊರಗೆ ಹೋಗುತ್ತೆ, ವಿಮಾನ ಮುಂದಕ್ಕೆ ಹೋಗುತ್ತೆ. ಆ ಟರ್ಬೈನ್ ತೆಗೆದುಕೊಂಡ ಶಕ್ತಿಯೆಲ್ಲ ಹೆಚ್ಚುಕಡಿಮೆ ಮುಂದಿನ ಕಂಪ್ರೆಸರ್ ತಿರುಗಿಸೋದಕ್ಕೇ ಖರ್ಚಾಗುತ್ತೆ. ಎರಡೂ ಒಂದೇ ಶಾಫ್ಟ್‌ನಲ್ಲಿ ಕೂತಿರುತ್ತವೆ. ಹಿಂದಿನವನು ದುಡಿದು ಮುಂದಿನವನನ್ನು ಸಾಕ್ತಾನೆ, ಮುಂದಿನವನು ಗಾಳಿ ಕೊಟ್ಟರೆ ಮಾತ್ರ ಹಿಂದಿನವನಿಗೆ ದುಡಿಮೆ. ಈ ಹೊಂದಾಣಿಕೆ ಕೆಟ್ಟರೆ ಎಂಜಿನ್ ಕೆಟ್ಟಿತು.

ಪಂಪು ಮತ್ತು ಫುಟ್‌ವಾಲ್ವ್

ಹೇಗೆ ಕೆಡುತ್ತೆ? ಮನೆಯ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸೋ ಪಂಪು ನೆನಪು ಮಾಡ್ಕೊಳ್ಳಿ. ಪಂಪು ಬಡವಾದರೆ ಮೇಲಿನ ನೀರು ಕೆಳಗೆ ನುಗ್ಗುತ್ತೆ. ಅದಕ್ಕೇ ಫುಟ್‌ವಾಲ್ವ್ ಹಾಕಿರ್ತಾರೆ. ಜೆಟ್ ಎಂಜಿನ್ನಿನ ಕಂಪ್ರೆಸರ್‌ಗೆ ಫುಟ್‌ವಾಲ್ವ್ ಇಲ್ಲ. ಪೈಲಟ್ ಥ್ರಾಟಲ್ ಒಮ್ಮೆಲೇ ಮುಂದಕ್ಕೆ ತಳ್ಳಿದ ಅಂತಿಟ್ಕೊಳ್ಳಿ. ಕಂಪ್ಯೂಟರ್ ಕೂಡ ಕೇಳಿದಷ್ಟು ಇಂಧನ ಸುರಿದುಬಿಟ್ರೆ, ಶಾಫ್ಟ್ ವೇಗ ಪಡೆಯೋ ಮೊದಲೇ ಮಧ್ಯದ ಕೋಣೆಯ ಒತ್ತಡ ಏರುತ್ತೆ. ಕಂಪ್ರೆಸರ್ ಅದನ್ನು ತಡೆದುಕೊಳ್ಳಲಾರದೆ ಗಾಳಿ ಹಿಂದಕ್ಕೆ ನುಗ್ಗುತ್ತೆ. ಇದಕ್ಕೆ ಸರ್ಜ್ ಅಂತಾರೆ. ಇಂಧನ ತೀರಾ ಬೇಗ ಕಡಿಮೆ ಮಾಡಿದರೂ ಕಷ್ಟ, ಬೆಂಕಿಯೇ ಆರಿಹೋಗಬಹುದು.

ಹಾಗಾಗಿ ಪೈಲಟ್ ಕೈಗೂ ಇಂಧನಕ್ಕೂ ನಡುವೆ ಒಂದು ಕಂಪ್ಯೂಟರ್ ಇರುತ್ತೆ. ಹೆಸರು ಫ್ಯಾಡೆಕ್. ಅದು ಕ್ಷಣಕ್ಷಣಕ್ಕೂ ವೇಗ, ಒತ್ತಡ, ತಾಪಮಾನ ನೋಡಿ, ‘ಈಗ ಇಷ್ಟೇ ಇಂಧನ, ಇದಕ್ಕಿಂತ ಹೆಚ್ಚಿಲ್ಲ’ ಅಂತ ನಿರ್ಧರಿಸುತ್ತೆ. ಸುಖೋಯ್‌ಗೆ ಎರಡು ಎಂಜಿನ್. ತೇಜಸ್‌ಗೆ ಒಂದೇ. ಆ ಒಂದು ಎಂಜಿನ್ನಿನ ಸಾಫ್ಟ್‌ವೇರ್ ಎಡವಿದರೆ ಪೈಲಟ್‌ಗೆ ಎರಡನೇ ಅವಕಾಶ ಕಡಿಮೆ.

ಈ ಸಾಫ್ಟ್‌ವೇರನ್ನು ಪರೀಕ್ಷೆ ಮಾಡೋದು ಎಲ್ಲಿ? ನೇರವಾಗಿ ನಿಜವಾದ ಎಂಜಿನ್ ಮೇಲೆ ಮಾಡಿದ್ರೆ, ತಪ್ಪು ಸಿಕ್ಕ ದಿನ ಎಂಜಿನ್ನೂ ಹೋಗಿರುತ್ತೆ. ಅದಕ್ಕೆ ಕಂಟ್ರೋಲರ್ ಪೆಟ್ಟಿಗೆ ನಿಜವಾದದ್ದು, ಎಂಜಿನ್ ಮಾತ್ರ ಕಂಪ್ಯೂಟರ್‌ನೊಳಗಿನದ್ದು, ಹೀಗೆ ಜೋಡಿಸ್ತೀವಿ. ಹಾರ್ಡ್‌ವೇರ್-ಇನ್-ದ-ಲೂಪ್ ಅನ್ನೋದು ಇದಕ್ಕೇ. ಪೆಟ್ಟಿಗೆಗೆ ತಾನು ಮೇಜಿನ ಮೇಲಿದ್ದೀನಿ ಅಂತ ಗೊತ್ತಾಗಬಾರದು. ಕೆ-ಟೈಪ್ ಥರ್ಮೋಕಪಲ್ 600 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 25 ಮಿಲಿವೋಲ್ಟ್ ಕೊಡುತ್ತೆ. ಹಾಗಾದ್ರೆ ಮಾಡೆಲ್ 600 ಅಂದಾಗ ತಂತಿಯ ಮೇಲೆ ಅಷ್ಟೇ ಮಿಲಿವೋಲ್ಟ್ ಬರಬೇಕು. ಶಾಫ್ಟ್‌ನ ಚಕ್ರಕ್ಕೆ 60 ಹಲ್ಲು, ವೇಗ ನಿಮಿಷಕ್ಕೆ 12,000 ಸುತ್ತು ಅಂದ್ರೆ, ಸೆಕೆಂಡಿಗೆ 12,000 ಪಲ್ಸ್ ಹೋಗಬೇಕು. ಮಧ್ಯದಲ್ಲಿ ಬೇಕಂತಲೇ ಒಂದು ತಂತಿ ಕಿತ್ತು, ಪೆಟ್ಟಿಗೆ ಏನ್ಮಾಡುತ್ತೆ ಅಂತಲೂ ನೋಡ್ತೀವಿ. ಆಕಾಶದಲ್ಲಿ ಯಾರೂ ಮಾಡಬಾರದ ಪ್ರಯೋಗ ಅದು.

ನಮ್ಮವ್ವನಿಗೆ ಫೋನಿನಲ್ಲಿ ಒಮ್ಮೆ ಇದನ್ನೆಲ್ಲ ವಿವರಿಸಿದೆ. ಎಲ್ಲಾ ಕೇಳಿ, ‘ಅಂದ್ರ ಅದು ಸುಳ್ಳು ಇಂಜಿನ್ ಅಲ್ಲೇನಪಾ?’ ಅಂದಳು. ಹೌದು. ಸುಳ್ಳು ಎಂಜಿನ್ನೇ. ಈ ಕೆಲಸದ ಕಷ್ಟವೆಲ್ಲ ಆ ಮಾತಿನಲ್ಲೇ ಇದೆ: ಅದು ಯಾವ ಯಾವ ಸುಳ್ಳು ಹೇಳಬಹುದು, ಯಾವುದನ್ನು ಹೇಳಲೇಬಾರದು?

ತಾಳ ತಪ್ಪಬಾರದು

‘ರಿಯಲ್-ಟೈಮ್’ ಅಂದ ಕೂಡಲೇ ನಾವು ಐಟಿಯವರು ‘ಫಾಸ್ಟ್’ ಅಂತ ತಿಳ್ಕೋತೀವಿ. ಇಲ್ಲಿ ಅರ್ಥ ಬೇರೆ. ಮೃದಂಗ ನುಡಿಸೋವರು ಸರಿಯಾದ ಪೆಟ್ಟನ್ನೇ ಅರ್ಧ ಮಾತ್ರೆ ತಡವಾಗಿ ಹಾಕಿದ್ರೆ ಅದನ್ನು ಸರಿ ಅಂತೀವಾ? ಇಲ್ಲ, ತಾಳ ತಪ್ಪಿತು ಅಂತೀವಿ. ಬೇಗ ಬಂದರೂ ತಪ್ಪೇ. ರಿಯಲ್-ಟೈಮ್ ಅಂದ್ರೆ ತಾಳ.

ಎಂಜಿನ್ ಮಾಡೆಲ್‌ಗಳಿಗೆ 10 ರಿಂದ 20 ಮಿಲಿಸೆಕೆಂಡಿನ ತಾಳ ಸಾಮಾನ್ಯ. 20 ಅಂತಿಟ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 50 ಸಲ. ಪ್ರತಿ ಸಲವೂ ಇಂಧನದ ಆಜ್ಞೆ ಓದಬೇಕು, ಇಡೀ ಎಂಜಿನ್ ಲೆಕ್ಕ ಹಾಕಬೇಕು, ಸೆನ್ಸರ್ ಸಿಗ್ನಲ್ ಹೊರಗೆ ಕಳಿಸಬೇಕು. ನಿಮ್ಮಲ್ಲಿ ಸರ್ವರ್ ನೋಡ್ಕೊಳ್ಳೋರು ಪಿ99 ಲೇಟೆನ್ಸಿ ಅಂತೀರಿ, ನೂರಕ್ಕೆ ಒಂದು ತಡವಾದರೂ ನಡೆಯುತ್ತೆ. ನಮಗೆ ಸರಾಸರಿ ಬೇಡ, 99 ಕೂಡ ಸಾಲದು. ಅತಿ ಕೆಟ್ಟ ಸಲ ಎಷ್ಟು ಹೊತ್ತು ಹಿಡಿಯಿತು ಅನ್ನೋದೊಂದೇ ಲೆಕ್ಕ. ಹಾಗಾಗಿ ಲೂಪಿನ ಮಧ್ಯೆ ಮೆಮೊರಿ ಕೇಳೋ ಹಾಗಿಲ್ಲ, ಗಾರ್ಬೇಜ್ ಕಲೆಕ್ಟರ್ ಹತ್ತಿರ ಸುಳಿಯೋ ಹಾಗಿಲ್ಲ, ‘ಉತ್ತರ ಸಿಗೋವರೆಗೂ ಸುತ್ತು’ ಅನ್ನೋ ಲೂಪ್ ಬರೆಯೋ ಹಾಗಿಲ್ಲ.

ಆದರೆ ಎಂಜಿನ್ ಭೌತಶಾಸ್ತ್ರ ಕೇಳೋದು ಅಂಥದ್ದೇ ಲೂಪನ್ನು. ಯಾಕೆ ಅಂತ ಹೇಳ್ತೀನಿ. ಎಂಜಿನ್ ಒಳಗೆ ಮೂರು ಗಡಿಯಾರ ಓಡ್ತಿರ್ತವೆ. ಮೊದಲನೆಯದು ಶಾಫ್ಟ್. ಅದಕ್ಕೆ ತೂಕ ಇದೆ, ಐಡಲ್‌ನಿಂದ ಪೂರ್ತಿ ವೇಗಕ್ಕೆ ಹೋಗಲು ಕೆಲವು ಸೆಕೆಂಡು ಬೇಕು. ಎರಡನೆಯದು ಒಳಗಿನ ಗಾಳಿಯ ಒತ್ತಡ. ಅದು ಮಿಲಿಸೆಕೆಂಡುಗಳಲ್ಲಿ ಬದಲಾಗುತ್ತೆ. ಮೂರನೆಯದು ಲೋಹದ ಬಿಸಿ. ಅದು ಏರಿಳಿಯಲು ಹತ್ತಾರು ಸೆಕೆಂಡು, ಕೆಲವೊಮ್ಮೆ ನಿಮಿಷಗಳು. ಒಂದೇ ತಾಳದಲ್ಲಿ ಈ ಮೂರನ್ನೂ ಹಿಡೀಬೇಕು.

ಶಾಫ್ಟ್ ಸುಲಭ. ಟರ್ಬೈನ್ ತಿರುಗಿಸೋ ಬಲದಲ್ಲಿ ಕಂಪ್ರೆಸರ್ ತಿನ್ನೋ ಬಲ ಕಳೆದು, ಜಡತ್ವದಿಂದ ಭಾಗಿಸಿದರೆ ವೇಗ ಎಷ್ಟು ಏರುತ್ತೆ ಅಂತ ಸಿಗುತ್ತೆ. ಒತ್ತಡ ಹಾಗಲ್ಲ. ಇದನ್ನು ನೀವೇ ಪೈಥಾನ್‌ನಲ್ಲಿ ಐದು ಸಾಲು ಬರೆದು ನೋಡಿ. ಒತ್ತಡದ ಸಮಯ ಸ್ಥಿರಾಂಕ 2 ಮಿಲಿಸೆಕೆಂಡು, ನಿಮ್ಮ ಹೆಜ್ಜೆ 20 ಮಿಲಿಸೆಕೆಂಡು. ಕಾಲೇಜಿನಲ್ಲಿ ಕಲಿತ ಸರಳ ಆಯ್ಲರ್ ವಿಧಾನ ಹಾಕಿದ್ರೆ ಪ್ರತಿ ಹೆಜ್ಜೆಗೂ ತಪ್ಪು 1 ಮೈನಸ್ 10, ಅಂದ್ರೆ ಮೈನಸ್ 9ರಿಂದ ಗುಣಿಸಲ್ಪಡುತ್ತೆ. ಶೇ 1ರ ತಪ್ಪು ಮುಂದಿನ ಹೆಜ್ಜೆಗೆ ಮೈನಸ್ 9, ಆಮೇಲೆ 81, ಆಮೇಲೆ ಮೈನಸ್ 729. ಕಣ್ಣು ಮಿಟುಕಿಸೋದರೊಳಗೆ ನಿಮ್ಮ ಎಂಜಿನ್ ಪರದೆ ಮೇಲೆ ಸಿಡಿದಿರುತ್ತೆ. ನಿಜವಾದ ಎಂಜಿನ್‌ಗೆ ಏನೂ ಆಗಿರಲ್ಲ, ಸಿಡಿದದ್ದು ನಿಮ್ಮ ಗಣಿತ.

ದಾರಿಗಳು ಮೂರು. ಒಂದು, ಒಂದು ತಾಳದೊಳಗೆ ಒತ್ತಡಕ್ಕೆ ಮಾತ್ರ ಹತ್ತಿಪ್ಪತ್ತು ಸಣ್ಣ ಹೆಜ್ಜೆ ಹಾಕೋದು. ಎರಡು, ಹಿಮ್ಮುಖ ಆಯ್ಲರ್. ಅದರಲ್ಲಿ ಅದೇ ತಪ್ಪು ಪ್ರತಿ ಹೆಜ್ಜೆಗೆ 11ರಲ್ಲಿ ಒಂದು ಪಾಲಿಗೆ ಇಳಿಯುತ್ತೆ, ಆದರೆ ಪ್ರತಿ ಹೆಜ್ಜೆಗೂ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಮೂರು, ‘ಒತ್ತಡ ಕ್ಷಣದಲ್ಲೇ ಸಮತೋಲನಕ್ಕೆ ಬಂತು’ ಅಂತ ಒಪ್ಪಿಕೊಂಡು, ಹರಿವು ಹೊಂದೋವರೆಗೆ ಊಹೆ ತಿದ್ದೋದು. ಎಷ್ಟು ಸಲ ತಿದ್ದಬೇಕು ಅನ್ನೋದು ಮೊದಲೇ ಗೊತ್ತಾಗಲ್ಲ, ಅದಕ್ಕೆ ‘ತಾಳಕ್ಕೆ ಇಷ್ಟೇ ಸಲ’ ಅಂತ ಮಿತಿ ಹಾಕಿ, ಉಳಿದ ಚೂರು ತಪ್ಪನ್ನು ಮುಂದಿನ ತಾಳಕ್ಕೆ ದಾಟಿಸ್ತೀವಿ. ಎಂಜಿನ್ 20 ಮಿಲಿಸೆಕೆಂಡಿನಲ್ಲಿ ಹೆಚ್ಚು ದೂರ ಹೋಗಿರಲ್ಲ, ಹಿಂದಿನ ಉತ್ತರವೇ ಒಳ್ಳೆಯ ಊಹೆ. ಕಂಪ್ರೆಸರ್‌ನ ದೊಡ್ಡ ಟೇಬಲ್‌ನಲ್ಲಿ ಹುಡುಕುವಾಗಲೂ ಅಷ್ಟೇ, ಮೊದಲ ಸಾಲಿನಿಂದ ಶುರು ಮಾಡಲ್ಲ, ಕಳೆದ ಸಲ ಸಿಕ್ಕ ಜಾಗದಿಂದಲೇ ಹುಡುಕ್ತೀವಿ.

ಇದು ಹಳೇ ಜಗಳ. 1974ರಲ್ಲಿ ಅಮೆರಿಕದ ನಾಸಾ ಲೂಯಿಸ್ ಕೇಂದ್ರದವರು ಟಿಎಫ್30 ಅನ್ನೋ ಎಂಜಿನ್ನಿನ ರಿಯಲ್-ಟೈಮ್ ಸಿಮ್ಯುಲೇಶನ್ ಮಾಡಿದ್ದು ಹೈಬ್ರಿಡ್ ಕಂಪ್ಯೂಟರ್ ಮೇಲೆ. ಅರ್ಧ ಡಿಜಿಟಲ್, ಅರ್ಧ ಅನಲಾಗ್. ಅನಲಾಗ್ ಸರ್ಕ್ಯೂಟ್‌ನಲ್ಲಿ ಹೆಜ್ಜೆಯೇ ಇಲ್ಲ, ಕೆಪಾಸಿಟರ್ ತುಂಬೋದೇ ಇಂಟಿಗ್ರೇಶನ್. ನಾನು ಈಗ ಹೇಳಿದ ಮೈನಸ್ 9ರ ಸಮಸ್ಯೆ ಅಲ್ಲಿ ಬರೋದೇ ಇಲ್ಲ. ಇವತ್ತು ಆ ಲೆಕ್ಕ ಒಂದು ಸಾಧಾರಣ ಕಂಪ್ಯೂಟರ್‌ನಲ್ಲಿ ಆಗುತ್ತೆ. ಆದರೆ ‘ಏನನ್ನು ಬಿಡಬೇಕು’ ಅನ್ನೋ ಪ್ರಶ್ನೆ ಹಾಗೇ ಉಳಿದಿದೆ.

ಮಾಡೆಲ್‌ಗೆ ಬಿಸಿ ನೆನಪಿರುತ್ತಾ?

ಬಿಡೋದು ಏನೇನು ಅಂತ ನೋಡಿ. ಸರ್ಜ್ ಶುರುವಾಗೋದು ಕೆಲವೇ ಮಿಲಿಸೆಕೆಂಡಿನಲ್ಲಿ. 20ರ ತಾಳದ ಮಾಡೆಲ್ ಅದನ್ನು ತೋರಿಸಲಾರದು. ಅದು ಹೇಳಬಲ್ಲದ್ದು ‘ಸರ್ಜ್ ಗೆರೆಯಿಂದ ನೀವಿನ್ನೂ ಇಷ್ಟು ದೂರ ಇದ್ದೀರಿ’ ಅಂತ ಮಾತ್ರ. ಇದು ಒಪ್ಪಿಗೆ ಇರೋ ಸುಳ್ಳು, ಯಾಕಂದ್ರೆ ಕಂಟ್ರೋಲರ್‌ನ ಕೆಲಸವೇ ಆ ಗೆರೆ ಹತ್ತಿರ ಹೋಗದಿರೋದು.

ಒಪ್ಪಿಗೆ ಇಲ್ಲದ ಸುಳ್ಳಿಗೆ ಒಂದು ಉದಾಹರಣೆ. ಒಂದು ಕಂಪನಿ, ಹೆಸರು ಬೇಡ. ಸಣ್ಣ ಜೆಟ್ ಎಂಜಿನ್ನಿನ ಕಂಟ್ರೋಲರ್. ರಿಗ್ ಮೇಲೆ ಪರೀಕ್ಷೆಗಳೆಲ್ಲ ಹಸಿರು, ಒಂದೂ ಕೆಂಪಿಲ್ಲ. ಮ್ಯಾನೇಜರ್ ಮುಖದಲ್ಲಿ ನಗು, ಶುಕ್ರವಾರ ಡೆಲಿವರಿ. ಪಟ್ಟಿಯಲ್ಲಿ ಬೋಡಿ ಅನ್ನೋ ಪರೀಕ್ಷೆ ಇತ್ತು: ಎಂಜಿನ್ ಪೂರ್ತಿ ವೇಗದಲ್ಲಿ ಓಡಿ ಚೆನ್ನಾಗಿ ಕಾದಿರುವಾಗ ಥ್ರಾಟಲ್ ಐಡಲ್‌ಗೆ ಎಳೆದು, ಕೆಲವೇ ಸೆಕೆಂಡು ಬಿಟ್ಟು ಮತ್ತೆ ಪೂರ್ತಿ ಮುಂದಕ್ಕೆ ತಳ್ಳೋದು. ಇಳಿಯೋಕೆ ಬಂದ ಪೈಲಟ್ ರನ್‌ವೇ ಮೇಲೆ ಏನೋ ಕಂಡು ಮತ್ತೆ ಏರಬೇಕಾದಾಗ ಇದೇ ಆಗೋದು. ಅದೂ ಹಸಿರೇ.

ನಮ್ಮ ತಂಡದಲ್ಲಿದ್ದ ಹಿರಿಯ ಮೇಡಂ ಒಬ್ಬರು ರಿವ್ಯೂನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಈ ಮಾಡೆಲ್‌ಗೆ ಬಿಸಿ ನೆನಪಿರುತ್ತಾ?’ ಇರಲಿಲ್ಲ. ನಿಜವಾದ ಎಂಜಿನ್ನಿನಲ್ಲಿ ಐಡಲ್‌ಗೆ ಬಂದ ಮೇಲೂ ಲೋಹ ಕಾದೇ ಇರುತ್ತೆ. ಆ ಬಿಸಿ ಕಂಪ್ರೆಸರ್‌ನ ಗಾಳಿಗೆ ಮರಳಿ ಸೇರುತ್ತೆ, ರೆಕ್ಕೆಗಳ ತುದಿಯ ಸಂದೂ ಬದಲಾಗುತ್ತೆ, ಸರ್ಜ್ ಗೆರೆಗೆ ಇರೋ ಅಂತರ ಕುಗ್ಗುತ್ತೆ. ತಣ್ಣಗಿನ ಎಂಜಿನ್‌ಗೂ ಕಾದ ಎಂಜಿನ್‌ಗೂ ವ್ಯತ್ಯಾಸವೇ ಗೊತ್ತಿಲ್ಲದ ಮಾಡೆಲ್‌ಗೆ ಬೋಡಿ ಪರೀಕ್ಷೆ ಕೊಟ್ಟರೆ ಅದು ಪಾಸಾಗದೇ ಇನ್ನೇನಾಗುತ್ತೆ? ಮೇಡಂ ಪಟ್ಟು ಬಿಡಲಿಲ್ಲ. ಮಾತು ಜೋರಾಯಿತು, ‘ಎಲ್ಲಾ ಹಸಿರಿದೆ, ಇನ್ನೇನು ಬೇಕು’ ಅಂದರು ಮ್ಯಾನೇಜರ್. ಕೊನೆಗೆ ಶುಕ್ರವಾರ ತಪ್ಪಿತು. ಲೋಹದ ತಾಪಮಾನಕ್ಕೆ ಒಂದೇ ಒಂದು ಹೊಸ ಸಮೀಕರಣ ಸೇರಿತು. ಅದೇ ಪರೀಕ್ಷೆ ಮತ್ತೆ ಓಡಿಸಿದಾಗ ಅಂತರ ಕಣ್ಣಿಗೆ ಕಾಣುವಷ್ಟು ಕುಗ್ಗಿತ್ತು. ಇಂಧನ ಏರಿಸೋ ಮಿತಿಯನ್ನು ಮತ್ತೆ ನೋಡಬೇಕಾಯಿತು.

ಹಸಿರು ಟಿಕ್ ಹೇಳೋದು ‘ಕಂಟ್ರೋಲರ್ ಈ ಮಾಡೆಲ್ ಜೊತೆ ಹೊಂದಿಕೊಂಡಿತು’ ಅಂತ ಮಾತ್ರ. ಎಂಜಿನ್ ಜೊತೆ ಹೊಂದಿಕೊಳ್ಳುತ್ತಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಅಳತೆಯಿಂದ ಬರಬೇಕು, ಕೋಡ್‌ನಿಂದ ಅಲ್ಲ.

ಕಾವೇರಿ ಮತ್ತು ಕಬಿನಿ

ಅಳತೆ ಅಂದಾಗ ನಮ್ಮ ಬೆಂಗಳೂರಿನ ಕಥೆ ಬರಲೇಬೇಕು. ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒದ ಜಿಟಿಆರ್‌ಇ ಇದೆ, ಗ್ಯಾಸ್ ಟರ್ಬೈನ್ ಸಂಶೋಧನೆಯ ಸಂಸ್ಥೆ. ತೇಜಸ್‌ಗೆ ನಮ್ಮದೇ ಎಂಜಿನ್ ಬೇಕು ಅಂತ 1989ರಲ್ಲಿ ಕಾವೇರಿ ಯೋಜನೆಗೆ 382.81 ಕೋಟಿ ರೂಪಾಯಿ ಮಂಜೂರಾಯಿತು. ಎಂಜಿನ್‌ಗೆ ಕಾವೇರಿ ಅಂತ ಹೆಸರು, ಅದರ ಒಳಗಿನ ಕೋರ್‌ಗೆ ಕಬಿನಿ. ತಿರುಮಕೂಡಲಿನಲ್ಲಿ ಕಬಿನಿ ಹೋಗಿ ಕಾವೇರಿ ಸೇರೋದು ಗೊತ್ತಿರೋ ನಮಗೆ ಆ ಹೆಸರಿನ ಜಾಣತನ ಬೇಗ ಹತ್ತುತ್ತೆ. ಕಬಿನಿ 1995ರಲ್ಲಿ ಮೊದಲ ಸಲ ಓಡಿತು, ಪೂರ್ತಿ ಎಂಜಿನ್ 1996ರಲ್ಲಿ. ಕಾವೇರಿಗೆ ತನ್ನದೇ ಡಿಜಿಟಲ್ ಕಂಟ್ರೋಲ್ ಯೂನಿಟ್ ಕೂಡ ಇತ್ತು. ಆದರೆ ಬೇಕಾದ ತ್ರಸ್ಟ್ ಬರಲಿಲ್ಲ, ತೂಕ ಹೆಚ್ಚಾಯಿತು, ಖರ್ಚಿನ ಅಂದಾಜು 2,839 ಕೋಟಿಗೆ ಏರಿತು. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಿದರು.

ನನ್ನ ಕಣ್ಣಿಗೆ ಬೀಳೋದು ಇನ್ನೊಂದು ಸಂಗತಿ. ಎತ್ತರದ ತೆಳು ಗಾಳಿಯಲ್ಲಿ ಕಾವೇರಿ ಹೇಗೆ ನಡೆದುಕೊಳ್ಳುತ್ತೆ ಅಂತ ಅಳೆಯಲು ಅದನ್ನು ರಷ್ಯಾಕ್ಕೆ ಕಳಿಸಬೇಕಾಯಿತು. ಅಂಥ ಸೌಲಭ್ಯ ನಮ್ಮಲ್ಲಿ ಇರಲಿಲ್ಲ. 2010ರ ನವೆಂಬರ್‌ನಲ್ಲಿ ಅದು ಮೊದಲ ಸಲ ಹಾರಿದ್ದು ಕೂಡ ಅಲ್ಲೇ. ಇಲ್ಯೂಷಿನ್-76 ಅನ್ನೋ ನಾಲ್ಕು ಎಂಜಿನ್ನಿನ ವಿಮಾನದಲ್ಲಿ ಒಂದನ್ನು ತೆಗೆದು ಅದರ ಜಾಗಕ್ಕೆ ಕಾವೇರಿ ಕೂರಿಸಿದ್ದರು. ಲೇಹ್ ವಿಮಾನ ನಿಲ್ದಾಣ 3,200 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು. ಅಲ್ಲಿ ಎಂಜಿನ್ ಹೇಗಿರುತ್ತೆ ಅಂತ ಬೆಂಗಳೂರಿನ ಮೇಜಿನ ಮೇಲೆ ಮಾಡೆಲ್ ಓಡಿಸಿ ಊಹಿಸಬಹುದು. ಆದರೆ ಆ ಊಹೆಯನ್ನು ತಿದ್ದೋದಕ್ಕೆ ಅಳತೆ ಬೇಕು. ಅಳೆದ ಗಂಟೆಗಳು ಕಡಿಮೆಯಾದಷ್ಟೂ ಮಾಡೆಲ್ ಬಡವಾಗುತ್ತೆ. ಸಿಮ್ಯುಲೇಶನ್ ಇದ್ರೆ ಪರೀಕ್ಷೆ ಬೇಡ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಪರೀಕ್ಷೆಯ ಒಂದು ಗಂಟೆಯನ್ನು ಸಿಮ್ಯುಲೇಶನ್ ನೂರು ಗಂಟೆ ಕೆಲಸಕ್ಕೆ ಹಚ್ಚಬಲ್ಲದು. ಆ ಒಂದು ಗಂಟೆಯನ್ನು ಅದು ಹುಟ್ಟಿಸಲಾರದು.

ಇದರ ಬೆಲೆ ಈಗಲೂ ಕಟ್ತಾ ಇದ್ದೇವೆ. ಮಾರ್ಕ್-1ಎ ತೇಜಸ್‌ಗೆ ಬೇಕಾದ 99 ಎಫ್404 ಎಂಜಿನ್‌ಗಳಿಗೆ 2021ರಲ್ಲಿ ಅಮೆರಿಕದ ಜಿಇಗೆ ಆರ್ಡರ್ ಹೋಯಿತು. ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿ ಆಯಿತು. ವಾಯುಪಡೆ ವಿಮಾನಕ್ಕೆ ಕಾಯುತ್ತೆ, ವಿಮಾನ ಎಂಜಿನ್‌ಗೆ ಕಾಯುತ್ತೆ.

ನಮ್ಮವರಿಗೆ ಒಂದು ಮಾತು

ಕೇಳ್ತಿರೋವರಲ್ಲಿ ಮಷೀನ್ ಲರ್ನಿಂಗ್ ಮಾಡೋರು ಬಹಳ ಜನ ಇದ್ದೀರಿ. ನಾಸಾದ ಸಿ-ಮ್ಯಾಪ್ಸ್ ಡೇಟಾ ಬಳಸಿ ‘ಎಂಜಿನ್ ಇನ್ನೆಷ್ಟು ದಿನ ಬಾಳುತ್ತೆ’ ಅಂತ ಲೆಕ್ಕ ಹಾಕೋ ಪ್ರಾಜೆಕ್ಟ್ ಮಾಡಿರಬಹುದು. 21 ಸೆನ್ಸರ್ ಕಾಲಮ್‌ಗಳು, ನೆನಪಿದೆಯಾ? ಅದು ಯಾವ ವಿಮಾನದಿಂದಲೂ ಬಂದ ಡೇಟಾ ಅಲ್ಲ. ಸಿ-ಮ್ಯಾಪ್ಸ್ ಅನ್ನೋದೇ ಒಂದು ಎಂಜಿನ್ ಸಿಮ್ಯುಲೇಶನ್, ಅದಕ್ಕೆ ಸವೆತ ಸೇರಿಸಿ ಓಡಿಸಿ ತೆಗೆದ ಅಂಕಿಗಳು. ನಿಮ್ಮ ಮಾಡೆಲ್ ಕಲಿತದ್ದು ಇನ್ನೊಂದು ಮಾಡೆಲ್‌ನಿಂದ. ಅದರಲ್ಲಿ ತಪ್ಪಿಲ್ಲ, ಅಭ್ಯಾಸಕ್ಕೆ ಬಹಳ ಒಳ್ಳೆಯದು. ಆದರೆ ರೆಸ್ಯೂಮೆಯಲ್ಲಿ ‘ಜೆಟ್ ಎಂಜಿನ್ ಡೇಟಾ’ ಅಂತ ಬರೆಯೋ ಮೊದಲು ಮೇಡಂ ಕೇಳಿದ ಪ್ರಶ್ನೆ ನೀವೂ ಕೇಳ್ಕೊಳ್ಳಿ: ಇದಕ್ಕೆ ಏನು ನೆನಪಿದೆ, ಏನು ನೆನಪಿಲ್ಲ?

ಇನ್ನೊಂದು. ಈ ಕೆಲಸ ವಿಮಾನದವರಿಗೆ ಮಾತ್ರ ಅಂದ್ಕೋಬೇಡಿ. ಯಲಹಂಕದಲ್ಲಿ ಕೆಪಿಸಿಯ 370 ಮೆಗಾವಾಟ್ ಗ್ಯಾಸ್ ವಿದ್ಯುತ್ ಸ್ಥಾವರ ಇದೆ. ಅಲ್ಲಿ ತಿರುಗೋದೂ ಗ್ಯಾಸ್ ಟರ್ಬೈನೇ, ಅದರ ಹೊಗೆಯ ಬಿಸಿಯಿಂದ ಸ್ಟೀಮ್ ಟರ್ಬೈನೂ ತಿರುಗುತ್ತೆ. ಗ್ರಿಡ್‌ನಲ್ಲಿ ಲೋಡ್ ಒಮ್ಮೆಲೇ ಬಿದ್ದರೆ ಅಲ್ಲೂ ಇಂಧನವನ್ನು ಕ್ಷಣದಲ್ಲಿ ತಗ್ಗಿಸಬೇಕು. ಅಲ್ಲೂ ಕಂಟ್ರೋಲರ್ ಇದೆ, ತಾಳ ಇದೆ. ನಾಸಾದ ಟಿ-ಮ್ಯಾಟ್ಸ್ ಉಚಿತವಾಗಿ ಸಿಗುತ್ತೆ, ಸಿಮ್ಯುಲಿಂಕ್ ಇದ್ದವರು ತೆರೆದು ನೋಡಿ. ಇಲ್ಲದವರು ಆ ಮೈನಸ್ 9ರ ಐದು ಸಾಲು ಬರೆದು, ಹೆಜ್ಜೆಯನ್ನು 20ರಿಂದ 3ಕ್ಕೆ ಇಳಿಸಿ, ಸಿಡಿತ ಎಲ್ಲಿ ನಿಲ್ಲುತ್ತೆ ಅಂತ ಕಂಡ್ಕೊಳ್ಳಿ. 4 ಮಿಲಿಸೆಕೆಂಡಿನ ಹತ್ತಿರ ಒಂದು ಗಡಿ ಸಿಗುತ್ತೆ. ಯಾಕೆ ನಾಲ್ಕೇ ಅಂತ ಕಾಗದದ ಮೇಲೆ ಬಿಡಿಸಿದ್ರೆ ಅರ್ಧ ಪಾಠ ಮುಗಿದಂಗೆ.

ಉಳಿದರ್ಧ ಪಾಠ ಪುಸ್ತಕದಲ್ಲಿಲ್ಲ. ಶುಕ್ರವಾರದ ಡೆಲಿವರಿ ಎದುರಿಗಿದ್ದಾಗ, ಎಲ್ಲ ಹಸಿರಿದ್ದಾಗ, ‘ಈ ಮಾಡೆಲ್‌ನಲ್ಲಿ ಏನು ಬಿಟ್ಟಿದ್ದೀವಿ’ ಅಂತ ಕೇಳೋ ಧೈರ್ಯ ಅದು. ಆ ಪಟ್ಟಿಯನ್ನು ಬರೆದಿಡಿ, ಕೋಡ್‌ನ ಪಕ್ಕದಲ್ಲೇ ಇಡಿ. ಮುಂದೆ ಆ ಪೆಟ್ಟಿಗೆಯನ್ನು ನಿಜವಾದ ಎಂಜಿನ್‌ಗೆ ಜೋಡಿಸೋರು ಬೇರೆ ಯಾರೋ, ಹಾರಿಸೋರು ಇನ್ಯಾರೋ. ಅವರಿಗೆ ನಮ್ಮ ಹಸಿರು ಟಿಕ್‌ಗಿಂತ ಆ ಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತೆ.